ಸ್ಥಾನಕ್ಕೆ ಆಳೋ, ಆಳಿಗೆ ಸ್ಥಾನವೋ?

ಕಬಡ್ಡಿಯನ್ನು ಆಡದ, ಇಲ್ಲವೆ ನಿಂತು ನೋಡದ ವಿದ್ಯಾರ್ಥಿಯು ತುಂಗಭದ್ರೆಯ ಈ ಸೀಮೆಯಲ್ಲಿ ವಿರಳ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಶಾಲಾ ಮೈದಾನಗಳಲ್ಲಿ ತಂಡವನ್ನು ಆರಿಸುವ ದಿನ ಒಂದು ತಕರಾರು ಏಳುವುದುಂಟು. ದಾಳಿ ಮಾಡುವುದರಲ್ಲಿ ಹೆಸರು ಪಡೆದ ಹುಡುಗನೊಬ್ಬನನ್ನು ಬಿಟ್ಟು, ಅವನಷ್ಟು ಹೆಸರಿಲ್ಲದ, ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಹುಡುಗನನ್ನು ಸೇರಿಸಿಕೊಂಡಿರುತ್ತಾರೆ. ಬಿಟ್ಟುಹೋದವನು ಇದನ್ನು ಅನ್ಯಾಯವೆನ್ನುವನು, ಆರಿಸಿದವರು ಅಗತ್ಯವೆನ್ನುವರು. ಇಬ್ಬರಲ್ಲಿ ಯಾರ ಮಾತು ಸರಿ? ಇದು ಬರಿಯ ಅಭಿಪ್ರಾಯದ ವಿಷಯವಲ್ಲ, ಬಹುಮಟ್ಟಿಗೆ ಗಣಿತದ ವಿಷಯವೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಈ ವಾದವು ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಒಂದು ಆಟವನ್ನು. ಹನ್ನೊಂದು ಮಂದಿಯಲ್ಲಿ ಒಬ್ಬೊಬ್ಬನ ಕೆಲಸವೂ ಬೇರೆ: ಚೆಂಡೆಸೆಯುವವನು ಅಡ್ಡಗಟ್ಟುವವನ ಕೆಲಸ ಮಾಡಲಾರನು. 1936 ರಿಂದ ಅಲ್ಲಿ ಒಂದು ಪದ್ಧತಿಯಿದೆ. ಪ್ರತಿ ವರ್ಷವೂ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಆಗ ಹುಟ್ಟುವ ಪ್ರಶ್ನೆ ಇದು: ತಂಡದಲ್ಲಿ ತೆರವಾದ ಸ್ಥಾನಕ್ಕೆ ಹೊಂದುವವನನ್ನು ಕರೆಯಬೇಕೇ, ಉಳಿದವರೆಲ್ಲರಲ್ಲಿ ಶ್ರೇಷ್ಠನಾದವನನ್ನು, ಅವನ ಸ್ಥಾನ ಯಾವುದೇ ಆಗಿರಲಿ, ಕರೆಯಬೇಕೇ?

ಎರಡು ಪಕ್ಷಕ್ಕೂ ಪ್ರಸಿದ್ಧ ಸಾಕ್ಷಿಗಳುಂಟು. 2005 ರಲ್ಲಿ ಗ್ರೀನ್ ಬೇ ತಂಡದಲ್ಲಿ ಚೆಂಡೆಸೆಯಲು ಬ್ರೆಟ್ ಫಾವ್ರ್ ಎಂಬ ಹೆಸರಾಂತ ಆಟಗಾರರಿದ್ದರು. ಆದರೂ ಆ ತಂಡ ತನ್ನ ಸರದಿಯಲ್ಲಿ ಅದೇ ಕೆಲಸದ ಏರನ್ ರಾಜರ್ಸ್ ಅವರನ್ನು ಆರಿಸಿತು. ಅವರು ಮೂರು ಋತುಗಳ ಕಾಲ ಬಹುಪಾಲು ಬೆಂಚಿನ ಮೇಲೆ ಕುಳಿತರು. 2008 ರಲ್ಲಿ ಸ್ಥಾನ ದೊರೆಯಿತು. 2011 ರ ಫೆಬ್ರವರಿಯಲ್ಲಿ ತಂಡಕ್ಕೆ ಚಾಂಪಿಯನ್ ಪಟ್ಟ ತಂದರು. ಬ್ಯಾಸ್ಕೆಟ್‌ಬಾಲಿನ ಕಥೆ ಇನ್ನೂ ಕಠಿನವಾದುದು. 1984 ರಲ್ಲಿ ಪೋರ್ಟ್‌ಲೆಂಡ್ ತಂಡವು ತನಗೆ ಎತ್ತರದ ಮಧ್ಯದ ಆಟಗಾರ ಬೇಕೆಂದು ಸ್ಯಾಮ್ ಬೋವಿಯವರನ್ನು ಕರೆಯಿತು. ಅದರ ಮುಂದಿನ ಸರದಿಯಲ್ಲಿ ಶಿಕಾಗೋ ತಂಡಕ್ಕೆ ದೊರೆತವರು ಮೈಕೇಲ್ ಜೋರ್ಡಾನ್. ಇಂಥ ಕಥೆಗಳು ಸ್ವಾರಸ್ಯವಾಗಿವೆಯೇ ಹೊರತು ಇವುಗಳಿಂದ ನಿಯಮ ಸಿದ್ಧವಾಗುವುದಿಲ್ಲ. ಕೈತಪ್ಪಿದ ಜೋರ್ಡಾನರನ್ನು ಜಗತ್ತು ನೆನೆಯುತ್ತದೆ, ಸದ್ದಿಲ್ಲದೆ ಸ್ಥಾನ ತುಂಬಿದ ನೂರು ಮಂದಿಯನ್ನು ನೆನೆಯುವುದಿಲ್ಲ.

ಈ ಪ್ರಶ್ನೆ ನಮ್ಮ ಊರಿಗೆ ಹೊಸದೂ ಅಲ್ಲ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಸಾಗುವ ಕುದುರೆಗಳನ್ನು ವಾಚಕರು ನೋಡಿರಬಹುದು. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅವುಗಳಲ್ಲಿ ಉತ್ತಮವಾದುವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದುವನ್ನು ನಾಯಕರಿಗೆ ಹಂಚುತ್ತಿದ್ದನೆಂದೂ ಪೋರ್ಚುಗೀಸ್ ಲೇಖಕ ನ್ಯೂನಿಜ್ ಬರೆದಿದ್ದಾನೆ. ಇದು ಶುದ್ಧವಾದ ‘ಶ್ರೇಷ್ಠವಾದುದು ಮೊದಲು’ ಎಂಬ ನೀತಿ. ಮೊದಲ ಸರದಿ ಸದಾ ತನ್ನದೇ ಆಗಿದ್ದವನಿಗೆ ಇದು ಸುಲಭವೂ ಹೌದು. (ಸಾಳುವ ನರಸಿಂಹನಂತೂ ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನಂತೆ!) ಇನ್ನೊಂದು ನೀತಿಗೆ ಉದಾಹರಣೆ 1424 ರಿಂದ 1446 ರವರೆಗೆ ಆಳಿದ ಇಮ್ಮಡಿ ದೇವರಾಯ. ಬಹಮನಿಗಳೆದುರು ತನ್ನ ಸೈನ್ಯ ಮತ್ತೆ ಮತ್ತೆ ಸೋಲುವುದೇಕೆಂದು ಅವನು ಸಭೆ ಕರೆದು ವಿಚಾರಿಸಿದನೆಂದು ಫೆರಿಷ್ತಾ ಹೇಳುತ್ತಾನೆ. ದೊರೆತ ಉತ್ತರ: ಶತ್ರುವಿನ ಕುದುರೆಗಳು ಮೇಲು, ಅವನ ಬಿಲ್ಲುಗಾರರು ಮೇಲು. ಕೊರತೆಯಿದ್ದುದು ಆಳುಗಳ ಸಂಖ್ಯೆಯಲ್ಲಲ್ಲ, ಒಂದು ಸ್ಥಾನದಲ್ಲಿ. ದೇವರಾಯನು ಮುಸಲ್ಮಾನ ಬಿಲ್ಲುಗಾರರಿಗೆ ಜಹಗೀರು ಕೊಟ್ಟು ಸೇರಿಸಿಕೊಂಡು, ತನ್ನ ಯೋಧರಿಗೂ ಆ ವಿದ್ಯೆಯನ್ನು ಕಲಿಸಿದನು. ಅವನ ಸೇವೆಯಲ್ಲಿದ್ದ ಅಹಮದ್ ಖಾನನು 1439 ರಲ್ಲಿ ಕಟ್ಟಿಸಿದ ಧರ್ಮಸಾಲೆ ಹಂಪೆಯಲ್ಲಿ ಇಂದಿಗೂ ನಿಂತಿದೆ.

ಈಗ ಕಬಡ್ಡಿಗೆ ಮರಳೋಣ. ಪಂದ್ಯದ ಅವಧಿ 40 ನಿಮಿಷ, ಅಂದರೆ 2400 ಸೆಕೆಂಡು. ಒಂದು ದಾಳಿಗೆ 30 ಸೆಕೆಂಡು. ಆದುದರಿಂದ ಒಟ್ಟು ದಾಳಿಗಳು ಸುಮಾರು 80. ಒಂದು ತಂಡದ ಪಾಲಿಗೆ ಸುಮಾರು 40. ಮೂವರು ಒಳ್ಳೆಯ ದಾಳಿಗಾರರಿರುವ ತಂಡಕ್ಕೆ ನಾಲ್ಕನೆಯವನು ಬಂದರೆ ದಾಳಿಗಳು 50 ಆಗುವುದಿಲ್ಲ. ಇರುವ 40 ನ್ನೇ ಹಂಚಿಕೊಳ್ಳಬೇಕು. ತಂಡದ ಮೂರನೆಯ ದಾಳಿಗಾರನು 10 ದಾಳಿಗಳಲ್ಲಿ 4 ಅಂಕ ತರುವನೆಂದೂ ಹೊಸಬನು ಅದೇ 10 ರಲ್ಲಿ ಐದೂವರೆ ತರುವನೆಂದೂ ಭಾವಿಸೋಣ. ಲಾಭ ಒಂದೂವರೆ ಅಂಕ. ಮೂಲೆಯ ಸ್ಥಾನವನ್ನು ನೋಡಿ. ಎದುರಾಳಿಯ ದಾಳಿಗಳಲ್ಲಿ 12 ಆ ಮೂಲೆಯ ಮೇಲೆ ಬೀಳುವುವು. ಈಗಿರುವವನು 2 ನ್ನು ಹಿಡಿಯುವನು, ಸಾಧಾರಣ ಹೆಸರಿನ ಹೊಸಬನು 4 ನ್ನು ಹಿಡಿಯುವನು ಎಂದಿಟ್ಟುಕೊಳ್ಳಿ. ಲಾಭ 2 ಅಂಕ. ಅಷ್ಟೇ ಅಲ್ಲ. ಎದುರಾಳಿಯೊಬ್ಬನು ಔಟಾದಾಗಲೇ ನಮ್ಮವನೊಬ್ಬನು ಅಂಕಣಕ್ಕೆ ಮರಳಬಲ್ಲನು. ದೊಡ್ಡ ದಾಳಿಗಾರನು ಸಿಕ್ಕಿಬಿದ್ದು ಹೊರಗೆ ಕುಳಿತಿರುವಾಗ ಅವನ ಪ್ರತಿಭೆಯ ಬೆಲೆ ಸೊನ್ನೆ. ಅವನನ್ನು ಎಬ್ಬಿಸಿ ಒಳಕ್ಕೆ ತರುವವರು ಉಳಿದವರು. ಸಂಡೂರಿನ ಅದಿರು ಎಷ್ಟೇ ಉತ್ತಮವಾಗಿರಲಿ, ಊದುಕುಲುಮೆಗೆ ಕೋಕನ್ನೂ ಸುಣ್ಣಕಲ್ಲನ್ನೂ ತಕ್ಕ ಪ್ರಮಾಣದಲ್ಲಿ ಹಾಕದೆ ಕಬ್ಬಿಣ ಇಳಿಯುವುದಿಲ್ಲವಷ್ಟೆ.

ಪ್ರೊ ಕಬಡ್ಡಿ ಲೀಗಿನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆದಿದೆ. 2023 ರ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡವು ಪವನ್ ಸೆಹ್ರಾವತ್ ಅವರಿಗೆ 2 ಕೋಟಿ 60 ಲಕ್ಷ 50 ಸಾವಿರ ರೂಪಾಯಿ ಕೊಟ್ಟಿತು. ಒಂದು ತಂಡಕ್ಕೆ ಗೊತ್ತುಪಡಿಸಿದ್ದ ಹಣ 5 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋಯಿತು. ಪವನ್ ಚೆನ್ನಾಗಿಯೇ ಆಡಿದರು. ತಂಡ ಮಾತ್ರ 22 ಪಂದ್ಯಗಳಲ್ಲಿ 2 ನ್ನು ಗೆದ್ದು, ಹನ್ನೆರಡು ತಂಡಗಳಲ್ಲಿ ಕೊನೆಯದಾಯಿತು. ಇದೇ ಪವನ್ 2019 ರ ಜನವರಿ 5 ರಂದು ಬೆಂಗಳೂರು ಬುಲ್ಸ್ ಪರವಾಗಿ ಫೈನಲಿನಲ್ಲಿ 22 ಅಂಕ ಗಳಿಸಿ ಗೆಲುವು ತಂದವರು. ಅಲ್ಲಿ ನಾಯಕ ರೋಹಿತ್ ಕುಮಾರ್ ಸ್ವತಃ ದಾಳಿಗಾರರು. ಸ್ಥಾನದ ಲೆಕ್ಕವನ್ನು ಮಾತ್ರ ನೋಡಿದ್ದರೆ ಪವನ್ ಅಷ್ಟಾಗಿ ಬೇಕಿರಲಿಲ್ಲ. ಆಳು ಒಬ್ಬನೇ, ಸುತ್ತಲಿನವರು ಬೇರೆ.

ಆದರೆ ‘ಅಗತ್ಯ’ವೆಂಬ ಮಾತೂ ಸಂಪೂರ್ಣವಲ್ಲ. ಸರದಿಯ ಮೇಲೆ ಆರಿಸುವಾಗ ಇನ್ನೊಂದು ಸಂಗತಿಯನ್ನು ಎಣಿಸಬೇಕು. ಹೊಸಪೇಟೆ, ಕಂಪ್ಲಿ ಎಂಬ ಎರಡು ತಂಡಗಳನ್ನು ಕಲ್ಪಿಸಿಕೊಳ್ಳಿ. ಎರಡಕ್ಕೂ ಒಬ್ಬ ದಾಳಿಗಾರ, ಒಬ್ಬ ರಕ್ಷಕ ಬೇಕು. ಆರಿಸಲು ಇರುವವರು 90 ಮತ್ತು 85 ಅಂಕಗಳ ಇಬ್ಬರು ದಾಳಿಗಾರರು, 80 ಮತ್ತು 50 ಅಂಕಗಳ ಇಬ್ಬರು ರಕ್ಷಕರು. ಮೊದಲ ಸರದಿ ಹೊಸಪೇಟೆಯದು, ಆಮೇಲೆ ಒಂದೊಂದಾಗಿ. ಹೊಸಪೇಟೆಯು ಶ್ರೇಷ್ಠನೆಂದು 90 ರವನನ್ನು ಕರೆಯಿತು. ಕಂಪ್ಲಿಯು 80 ರ ರಕ್ಷಕನನ್ನು ಎಳೆದುಕೊಂಡಿತು. ಹೊಸಪೇಟೆಗೆ ಉಳಿದ ರಕ್ಷಕನು 50 ರವನು. ಮೊತ್ತ: ಹೊಸಪೇಟೆಗೆ 140, ಕಂಪ್ಲಿಗೆ 165. ಹೊಸಪೇಟೆಯು ಮೊದಲೇ 80 ರ ರಕ್ಷಕನನ್ನು ಕರೆದಿದ್ದರೆ? ಕಂಪ್ಲಿಗೆ 90 ರ ದಾಳಿಗಾರ ಸಿಗುವನು, ನಿಜ. ಹೊಸಪೇಟೆಗೆ 85 ರವನು ಸಿಗುವನು. ಆಗ ಹೊಸಪೇಟೆಗೆ 165, ಕಂಪ್ಲಿಗೆ 140. ಇಬ್ಬರ ಅಗತ್ಯವೂ ಒಂದೇ ಆಗಿತ್ತು, ಕರೆಯಲ್ಪಟ್ಟವನು ಅತ್ಯುತ್ತಮನೂ ಆಗಿರಲಿಲ್ಲ. ನಿರ್ಣಯಿಸಿದ್ದು ಮೊದಲನೆಯವನಿಗೂ ಮುಂದಿನ ಸರದಿಯಲ್ಲಿ ಸಿಗಬಹುದಾದವನಿಗೂ ಇರುವ ಇಳಿತ: ದಾಳಿಯಲ್ಲಿ 5, ರಕ್ಷಣೆಯಲ್ಲಿ 30. ತುಂಗಭದ್ರಾ ಜಲಾಶಯದ ಪೂರ್ಣಮಟ್ಟವು ಸಮುದ್ರಮಟ್ಟದಿಂದ 1633 ಅಡಿ. ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಟರ್ಬೈನನ್ನು ತಿರುಗಿಸುವುದು ಆ 1633 ಅಡಿಯಲ್ಲ. ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಮಟ್ಟಗಳ ಅಂತರ. ಆಟಗಾರನ ವಿಷಯದಲ್ಲೂ ಬೆಲೆಯಿರುವುದು ಅಂತರಕ್ಕೆ.

ಇಷ್ಟರಲ್ಲಿ ಜಾಣ ವಿದ್ಯಾರ್ಥಿಯು ಕೇಳಬಹುದು: ಈ 90, 85 ಗಳನ್ನು ಅಳೆದವರು ಯಾರು? ಪ್ರಶ್ನೆ ಬಹಳ ಸರಿಯಾದುದು. ಪ್ರಯೋಗಶಾಲೆಯಲ್ಲಿ ಯಾವ ಅಳತೆಯನ್ನೂ ಅದರ ದೋಷವನ್ನು ಹೇಳದೆ ಬರೆಯಕೂಡದೆಂದು ಕಲಿಸುತ್ತೇವೆ. ಒಂದು ದಿನದ ಆಯ್ಕೆಯಲ್ಲಿ ಕೊಟ್ಟ ಅಂಕಕ್ಕೆ 5 ರಷ್ಟು ದೋಷವಿದೆಯೆಂದು ಹಿಡಿಯೋಣ. ನಿಜವಾಗಿ ಇನ್ನೂ ಹೆಚ್ಚಿದ್ದೀತು. ಇಬ್ಬರ ಅಂಕಗಳನ್ನು ಕಳೆದಾಗ ವ್ಯತ್ಯಾಸದ ದೋಷವು 5 ರ ವರ್ಗ ಮತ್ತು 5 ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 7. ಹಾಗಾದರೆ 90 ಕ್ಕೂ 85 ಕ್ಕೂ ಇರುವ 5 ರ ವ್ಯತ್ಯಾಸವು ಅಳತೆಯ ಮಸುಕಿನೊಳಗೇ ಅಡಗಿದೆ. ಯಾರು ಮೇಲೆಂದು ಹೇಳುವಂತಿಲ್ಲ. ಅಂಥ ಕಡೆ ಸ್ಥಾನದ ಅಗತ್ಯವನ್ನು ನೋಡಿ ಆರಿಸುವುದೇ ವಿವೇಕ. 30 ರ ವ್ಯತ್ಯಾಸವಾದರೋ ನಿಜವಾದುದು. ಅಷ್ಟು ಮೇಲಿರುವವನನ್ನು ‘ಜಾಗವಿಲ್ಲ’ವೆಂದು ಕಳುಹಿಸುವ ಆಯ್ಕೆಗಾರರು ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬೇಕು. ತಂಡದ ಹಲಗೆಯ ಮೇಲೆ ಹೆಸರು ಕಾಣದ ಹುಡುಗನಿಗೆ ಈ ಭೇದವನ್ನು ಬಿಡಿಸಿ ಹೇಳುವುದು ಆಯ್ಕೆಗಾರರ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ಹೆಚ್ಚಿನ ಕಡೆ ಅದು ನಡೆಯುವುದಿಲ್ಲ.

ಕಾಲವೂ ಲೆಕ್ಕದಲ್ಲಿ ಸೇರುತ್ತದೆ. ನಾಳೆಯ ಪಂದ್ಯಕ್ಕೆ ತಂಡ ಕಟ್ಟುವವನು ಅಗತ್ಯವನ್ನು ಮರೆಯಲಾರನು. ಐದು ವರ್ಷಗಳಿಗೆ ಕಟ್ಟುವವನಿಗೆ ಇಂದಿನ ತೆರವು ಮುಖ್ಯವಲ್ಲ, ಏಕೆಂದರೆ ಅಷ್ಟರಲ್ಲಿ ತೆರವುಗಳೇ ಬದಲಾಗಿರುತ್ತವೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ವಿದ್ಯಾನಗರದಲ್ಲಿ ಜೆ.ಎಸ್.ಡಬ್ಲ್ಯು. ಸಮೂಹದವರು 2018 ರಲ್ಲಿ ಆರಂಭಿಸಿದ ಕ್ರೀಡಾ ತರಬೇತಿ ಸಂಸ್ಥೆಯಲ್ಲಿ ಎಳೆಯ ಕುಸ್ತಿಪಟುಗಳನ್ನೂ ಮುಷ್ಟಿಕಾಳಗದವರನ್ನೂ ಓಟಗಾರರನ್ನೂ ತರಬೇತುಗೊಳಿಸುತ್ತಾರೆ. ಒಬ್ಬೊಬ್ಬರೇ ಆಡುವ ಆಟಗಳಾದುದರಿಂದ ಅಲ್ಲಿ ಪ್ರತಿಭೆಯೊಂದೇ ಸಾಕಾದ ಅಳತೆ. ಇದೇ ಸಮೂಹದ ಕಬಡ್ಡಿ ತಂಡ ಹರಿಯಾಣ ಸ್ಟೀಲರ್ಸ್ ಬೇರೆ ದಾರಿ ಹಿಡಿಯಬೇಕಾಯಿತು. 2024 ರ ಮಾರ್ಚ್ 1 ರ ಫೈನಲಿನಲ್ಲಿ ಪುಣೇರಿ ಪಲ್ಟನ್‌ಗೆ ಸೋತಾಗ ಎದುರಿನ ತಂಡದಲ್ಲಿದ್ದವರು ಇರಾನಿನ ಮಹಮ್ಮದ್‌ರೆಝಾ ಶಾದ್ಲೂಯಿ. ಮೂಲೆಯಲ್ಲಿ ನಿಂತು ಹಿಡಿಯುವ ಇವರು ದಾಳಿಗೂ ಹೋಗಬಲ್ಲರು. ಒಬ್ಬರೇ ಎರಡು ಸ್ಥಾನಕ್ಕೆ ಒದಗುವರು. ಮುಂದಿನ ಹರಾಜಿನಲ್ಲಿ ಸ್ಟೀಲರ್ಸ್ ಅವರಿಗೆ 2 ಕೋಟಿ 7 ಲಕ್ಷ ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 29 ರಂದು ಪಟ್ನಾ ತಂಡವನ್ನು 32–23 ರಿಂದ ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ವಿದ್ಯಾರ್ಥಿಗಳು ಮೇಲಿನ ಉದಾಹರಣೆಯಲ್ಲಿ 50 ಅಂಕದ ರಕ್ಷಕನ ಬದಲು 78 ಅಂಕದವನನ್ನು ಇಟ್ಟು ಲೆಕ್ಕ ಮಾಡಿ ನೋಡಬಹುದು. ಹೊಸಪೇಟೆಯು ಮೊದಲ ಸರದಿಯಲ್ಲಿ ಯಾರನ್ನು ಕರೆಯಬೇಕು? ಅಳತೆಯ ದೋಷ 5 ಎಂದು ಹಿಡಿದರೆ ಆ ಉತ್ತರ ಎಷ್ಟರಮಟ್ಟಿಗೆ ನಿಲ್ಲುವುದು?