ಸೌರ ವಿದ್ಯುತ್ತು: ಬ್ಯಾಟರಿ ಹಾಗೂ ಫಲಕಗಳ ಗಾತ್ರವನ್ನು ನಿರ್ಧರಿಸುವ ಬಗೆ

ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳಿಗೆ ಹೆಸ್ಕಾಂ, ಹುಕ್ಕೇರಿ ತಾಲ್ಲೂಕಿಗೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ ಪೂರೈಸುತ್ತಿವೆ. ಆದರೂ ತಂತಿ ತಲುಪದ ತೋಟದ ಗೋದಾಮು, ಹೆದ್ದಾರಿಯ ಬದಿಯ ಮಳಿಗೆ, ಸಣ್ಣ ತಯಾರಿಕಾ ಘಟಕ ಮೊದಲಾದ ಕಡೆ ಸ್ವತಂತ್ರ ಸೌರ ವ್ಯವಸ್ಥೆಯನ್ನು ಅಳವಡಿಸುವ ವಿಚಾರ ಬರುವುದು ಸಹಜ. ಇಂಥ ವೇಳೆ ಅನೇಕರು ದೊಡ್ಡ ಬ್ಯಾಟರಿಗೆ ಹಣ ಹೂಡಿ ಫಲಕಗಳಲ್ಲಿ ಜಿಪುಣತನ ತೋರುತ್ತಾರೆ. ಲೆಕ್ಕವು ಇದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತದೆ.

1. ಬಳಕೆಯ ಪಟ್ಟಿ

ಒಂದು ಕರದಂಟಿನ ಅಂಗಡಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. 10 ವ್ಯಾಟಿನ 8 ಎಲ್‌ಇಡಿ ದೀಪಗಳು 5 ಗಂಟೆ ಉರಿದರೆ 400 ವ್ಯಾಟ್-ಗಂಟೆ. 30 ವ್ಯಾಟಿನ 3 ಬಿಎಲ್‌ಡಿಸಿ ಫ್ಯಾನುಗಳು 8 ಗಂಟೆಗೆ 720. 80 ವ್ಯಾಟಿನ ಗಣಕಯಂತ್ರ ಹಾಗೂ ಮುದ್ರಕ 6 ಗಂಟೆಗೆ 480. ತೂಕದ ಯಂತ್ರ, ಮೊಬೈಲ್ ಚಾರ್ಜಿಂಗ್ 100. ಒಟ್ಟು 1,700. ಇನ್ವರ್ಟರ್ ಮತ್ತು ತಂತಿಗಳಲ್ಲಿನ ನಷ್ಟಕ್ಕಾಗಿ ಇದನ್ನು 0.85ರಿಂದ ಭಾಗಿಸಿದರೆ ದಿನದ ಅವಶ್ಯಕತೆ 2,000 ವ್ಯಾಟ್-ಗಂಟೆ, ಅಂದರೆ 2 ಯೂನಿಟ್.

ಮರದ ಗೊಂಬೆ ತಯಾರಕರ ಲೇತಿನಂತಹ ಮೋಟಾರುಗಳನ್ನು ಈ ಪಟ್ಟಿಗೆ ಸೇರಿಸಬಾರದು. ಮೋಟಾರು ಚಾಲನೆಗೊಳ್ಳುವಾಗ ತನ್ನ ಸಾಮಾನ್ಯ ವಿದ್ಯುತ್ ಪ್ರವಾಹದ ಹಲವು ಪಟ್ಟನ್ನು ಎಳೆಯುವುದರಿಂದ ಇನ್ವರ್ಟರಿನ ಗಾತ್ರವೂ ವೆಚ್ಚವೂ ಏರುತ್ತವೆ.

2. ಬ್ಯಾಟರಿ

ಸೀಸ-ಆಮ್ಲ ಬ್ಯಾಟರಿಯ ಸಾಮರ್ಥ್ಯದಲ್ಲಿ ಶೇ. 50ರಷ್ಟನ್ನು ಮಾತ್ರ ದಿನನಿತ್ಯ ಬಳಸುವುದು ಲೇಸು. ಒಂದು ದಿನದ ಸಂಗ್ರಹಕ್ಕೆ 4,000 ವ್ಯಾಟ್-ಗಂಟೆ ಬೇಕು. 24 ವೋಲ್ಟಿನಲ್ಲಿ ಇದು 167 ಆಂಪಿಯರ್-ಗಂಟೆ. ಆದ್ದರಿಂದ 12 ವೋಲ್ಟ್, 200 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು ಸಾಕು. ಲಿಥಿಯಂ ಬ್ಯಾಟರಿಯಲ್ಲಿ ಶೇ. 80ರಷ್ಟನ್ನು ಬಳಸಬಹುದಾದ್ದರಿಂದ 2,500 ವ್ಯಾಟ್-ಗಂಟೆ ಸಾಕಾಗುತ್ತದೆ.

3. ಫಲಕ

ನಮ್ಮ ಭಾಗದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿನಷ್ಟು ಶಕ್ತಿ ದೊರೆಯುತ್ತದೆ. ಜುಲೈ-ಆಗಸ್ಟ್ ತಿಂಗಳುಗಳಿಗೆ 3.5 ಗಂಟೆ ಎಂದು ಹಿಡಿಯುವುದು ಕ್ಷೇಮ. ಶಾಖ, ಧೂಳು ಹಾಗೂ ಚಾರ್ಜಿಂಗ್ ನಷ್ಟ ಕಳೆದು ಶೇ. 70ರಷ್ಟು ಕೈಗೆ ಬರುತ್ತದೆಂದು ಎಣಿಸೋಣ. ಸರಾಸರಿ ಲೆಕ್ಕದಲ್ಲಿ 2,000 ÷ (5 × 0.7) = 571 ವ್ಯಾಟ್; ಮಳೆಗಾಲದ ಲೆಕ್ಕದಲ್ಲಿ 2,000 ÷ (3.5 × 0.7) = 816 ವ್ಯಾಟ್.

ಸರಾಸರಿಯನ್ನು ನಂಬಿ 571 ವ್ಯಾಟಿನ ಫಲಕ ಹಾಕಿದರೆ ಮಳೆಗಾಲವಿಡೀ ಬ್ಯಾಟರಿ ಅರೆಹೊಟ್ಟೆಯಲ್ಲಿರುತ್ತದೆ. ಪೂರ್ಣ ಚಾರ್ಜ್ ಆಗದ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಅಂಥಲ್ಲಿ ಮತ್ತೊಂದು ಜೋಡಿ ಬ್ಯಾಟರಿ ಸೇರಿಸಿದರೆ ಪ್ರಯೋಜನವಿಲ್ಲ; ಆದಾಯವಿಲ್ಲದವನು ಎರಡನೆಯ ಖಾತೆ ತೆರೆದಂತೆ.

4. ಹಣದ ಲೆಕ್ಕ

ಫಲಕವು ಸುಮಾರು 25 ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಸುಮಾರು 5 ವರ್ಷ. ಬ್ಯಾಟರಿ ಜೋಡಿಯ ಬೆಲೆ ರೂ. 40,000 ಎಂದು ಭಾವಿಸಿದರೆ ವಾರ್ಷಿಕ ಹೊರೆ ರೂ. 8,000. ವರ್ಷಕ್ಕೆ 300 ದಿನ, ದಿನಕ್ಕೆ 1.7 ಯೂನಿಟ್‌ನಂತೆ 510 ಯೂನಿಟ್. ಬ್ಯಾಟರಿಯೊಂದರ ಬಾಬ್ತೇ ಯೂನಿಟ್ಟಿಗೆ ರೂ. 15.70 ಆಯಿತು! ಬ್ಯಾಟರಿ 3 ವರ್ಷಕ್ಕೇ ಕೆಟ್ಟರೆ ಇದು ರೂ. 26ನ್ನು ದಾಟುತ್ತದೆ. ಆದ್ದರಿಂದ ಉತ್ತಮ ವಿದ್ಯುತ್ ಸಂಪರ್ಕವಿರುವಲ್ಲಿ ಅತ್ಯವಶ್ಯ ಬಳಕೆಗಷ್ಟೇ ಬ್ಯಾಟರಿಯನ್ನು ಸೀಮಿತಗೊಳಿಸತಕ್ಕದ್ದು.

ದಿನಾಂಕ 22-9-2025ರಿಂದ ಜಿಎಸ್‌ಟಿಯು ಸೌರ ಫಲಕಗಳಿಗೆ ಶೇ. 12ರಿಂದ 5ಕ್ಕೂ, ಸೀಸ-ಆಮ್ಲ ಬ್ಯಾಟರಿಗಳಿಗೆ ಶೇ. 28ರಿಂದ 18ಕ್ಕೂ ಇಳಿದಿದೆ. ತೆರಿಗೆಗೊಳಪಟ್ಟ ಸರಕಿನ ವ್ಯವಹಾರ ನಡೆಸುವ ಸಾಮಾನ್ಯ ನೋಂದಣಿದಾರರು ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಕಾಂಪೋಸಿಷನ್ ಯೋಜನೆಯವರಿಗೆ ಆ ಸೌಲಭ್ಯವಿಲ್ಲ.

ವ್ಯಾಪಾರಿ ಬಾಂಧವರು ದರಪಟ್ಟಿ ತರಿಸುವ ಮೊದಲು ಬಳಕೆಯ ಪಟ್ಟಿಯನ್ನು ತಾವೇ ಸಿದ್ಧಪಡಿಸಲಿ. ಫಲಕವನ್ನು ಮಳೆಗಾಲಕ್ಕೆ ಅಳೆಯಿರಿ, ಬ್ಯಾಟರಿಯನ್ನು ಅವಶ್ಯಕತೆಗೆ ಅಳೆಯಿರಿ. ಇಷ್ಟು ಪಾಲಿಸಿದರೆ ಹೂಡಿದ ಬಂಡವಾಳ ಸುರಕ್ಷಿತವಾಗಿರುತ್ತದೆ.