ಗಜನಿ ಕಟ್ಟೆಗೆ ಕಾಂಡ್ಲಾ ಗಿಡದ ರಕ್ಷಣೆ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಸಮುದ್ರವನ್ನು ಸೇರುವೆಡೆ, ಉಬ್ಬರದ ಉಪ್ಪುನೀರು ಏರುವ ತಗ್ಗುಭೂಮಿಗಳಿಗೆ ಗಜನಿ ಎಂದು ಹೆಸರು. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಬಿತ್ತುವರು. ಇದು ಉಪ್ಪನ್ನೂ ನೆರೆಯನ್ನೂ ಸಹಿಸತಕ್ಕ ತಳಿಯಾಗಿದೆ. ತೆನೆಯನ್ನು ಕೊಯ್ದ ಮೇಲೆ ತೂಬನ್ನು ತೆರೆದು ಉಬ್ಬರದ ನೀರನ್ನು ಬಿಟ್ಟರೆ, ಗದ್ದೆಯಲ್ಲಿ ಉಳಿದು ಕೊಳೆಯುವ ಹುಲ್ಲು ಮೀನು ಸಿಗಡಿಗಳ ಪೋಷಣೆಗೆ ಒದಗುವುದು. ಹೀಗೆ ಒಂದೇ ಭೂಮಿಯಿಂದ ಎರಡು ಫಲಗಳುಂಟು; ಎರಡಕ್ಕೂ ಕಟ್ಟೆಯೇ ಆಧಾರ.

ಕಟ್ಟೆಯು ಒಂದೆಡೆ ಒಡೆದರೆ ಒಬ್ಬನ ಗದ್ದೆಯಲ್ಲ, ಇಡೀ ಗಜನಿಯ ಬೆಳೆಯು ಉಪ್ಪುನೀರಿನ ಪಾಲಾಗುವುದು. 1970ರ ದಶಕದಲ್ಲಿ ಸರಕಾರವು ಶಾಶ್ವತ ಕಟ್ಟೆಗಳನ್ನು ಕಟ್ಟಿಸಿತು. ಆ ಕಾಲಕ್ಕೆ ಬಹಳಷ್ಟು ಕಾಂಡ್ಲಾ ಗಿಡಗಳು ನಾಶವಾದವು. 1990ರ ದಶಕದಲ್ಲಿ ಹಲವು ಗಜನಿಗಳು ಬರಿಯ ಸಿಗಡಿ ಸಾಕಣೆಗೆ ಹೋಗಿ, ಬಿಳಿಚುಕ್ಕೆ ರೋಗದಿಂದ ನಷ್ಟವುಂಟಾಗಿ, ಪಾಳುಬಿದ್ದವು. ಕಲ್ಲಿನ ಕಟ್ಟೆಯಾದರೂ ಅಲೆಗಳ ಹೊಡೆತಕ್ಕೆ ಸವೆಯತಕ್ಕದ್ದೇ.

ಕಟ್ಟೆಯ ಹೊರಬದಿಯಲ್ಲಿ ಕಾಂಡ್ಲಾ ಗಿಡಗಳಿದ್ದರೆ ಅವುಗಳ ಬೇರುಗಳ ಜಾಲವು ಅಲೆಯ ವೇಗವನ್ನು ಮುರಿದು, ಹರಿದುಬರುವ ಕೆಸರನ್ನು ಹಿಡಿದು ನಿಲ್ಲಿಸುವುದು. ಬೇರುಗಳ ನಡುವೆ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುವುವು.

ನೆಡುವ ಕ್ರಮ:

1. ದೊಡ್ಡ ಜಾತಿಯ ಕಾಂಡ್ಲಾದ ಬೀಜವು ಮರದ ಮೇಲೆಯೇ ಮೊಳೆತು ಕೋಲಿನಂತೆ ನೇತಾಡುವುದು. ಮಳೆಗಾಲದ ಆರಂಭದಲ್ಲಿ ಪಕ್ವವಾಗಿ ತಾನಾಗಿ ಉದುರಿದ ಕೋಲುಗಳನ್ನೇ ಆರಿಸತಕ್ಕದ್ದು.

2. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆಯುವ ಕೆಸರೇ ಯೋಗ್ಯ ಸ್ಥಳ. ಸದಾ ನೀರು ನಿಂತಿರುವ ಆಳದಲ್ಲಿ ನೆಟ್ಟ ಸಸಿಗಳು ಸಾಯುವುವು. ಹಿಂದೆ ಕಾಂಡ್ಲಾ ಇದ್ದ ಸ್ಥಳವನ್ನು ಊರಿನ ಹಿರಿಯರಲ್ಲಿ ವಿಚಾರಿಸುವುದು ಉತ್ತಮ.

3. ಚೂಪಾದ ತುದಿಯನ್ನು ಕೆಳಗೆ ಮಾಡಿ, ಉದ್ದದ ಮೂರನೆಯ ಒಂದು ಭಾಗವು ಕೆಸರಿನಲ್ಲಿ ಹೂಳುವಂತೆ, ಸುಮಾರು 1 ಮೀಟರು ಅಂತರದಲ್ಲಿ ನೆಡತಕ್ಕದ್ದು.

4. ದನಗಳನ್ನು ಬಿಡಬಾರದು. ಮೊದಲ ವರ್ಷಗಳಲ್ಲಿ ಸತ್ತ ಸಸಿಗಳ ಸ್ಥಾನದಲ್ಲಿ ಬೇರೆಯವನ್ನು ನೆಡಬೇಕು.

ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಒಪ್ಪಂದದಂತೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಪರಿಗಣಿತವಾಯಿತು. ಆದರೆ ಗೌರವವು ಕಟ್ಟೆಯನ್ನು ಕಾಯಲಾರದು. ಸೌದೆಯ ಆಸೆಗೆ ಒಂದು ಗಿಡವನ್ನು ಕಡಿದವನು ನೆರೆಹೊರೆಯವರ ಅನ್ನಕ್ಕೂ ಕೊಡಲಿ ಹಾಕಿದಂತೆ. ಆದುದರಿಂದ ಗ್ರಾಮದ ಮುಖಂಡರು ಮಳೆಗಾಲಕ್ಕೆ ಮೊದಲೇ ಹಿಡುವಳಿದಾರರನ್ನು ಕೂಡಿಸಿ, ಕಟ್ಟೆಯ ಯಾವ ಭಾಗವನ್ನು ಯಾರು ನೋಡಿಕೊಳ್ಳತಕ್ಕದ್ದೆಂಬುದನ್ನು ನಿಶ್ಚಯಿಸಬೇಕು.