ಎಪೇ ಕತ್ತಿವರಸೆಯಲ್ಲಿ ಲೆಕ್ಕವೂ ಕಾಲವೂ

ಗಂಗಾವತಿ ತಾಲೂಕಿನ ಆನೆಗೊಂದಿಗೆ ಹೋದವರು ತುಂಗಭದ್ರೆಯ ಆಚೆಯ ದಡದಲ್ಲಿರುವ ಹಂಪೆಯ ಹಾಳನ್ನು ನೋಡಿಯೇ ಇರುವರು. ಆ ಪಟ್ಟಣವು ಬಾಳುತ್ತಿದ್ದಾಗ, ಅಂದರೆ 16ನೆಯ ಶತಮಾನದ ಆರಂಭದಲ್ಲಿ, ದುವಾರ್ತೆ ಬಾರ್ಬೋಸಾ ಎಂಬ ಪೋರ್ತುಗೀಸನು ಅಲ್ಲಿಯ ದ್ವಂದ್ವಯುದ್ಧಗಳ ವಿಷಯವಾಗಿ ಬರೆದಿಟ್ಟಿದ್ದಾನೆ. ಹಗೆ ಹುಟ್ಟಿದ ಇಬ್ಬರು ಅರಸನ ಅಪ್ಪಣೆಯನ್ನು ಪಡೆದು ನೇಮಿಸಿದ ದಿನದಲ್ಲಿ ಕಾದುವರು. ಇಬ್ಬರ ಆಯುಧಗಳೂ ಒಂದೇ ಅಳತೆಯವಾಗಿರಬೇಕು. ಕಾದಾಟದ ಸಮಯದಲ್ಲಿ ಅವರವರ ಪಕ್ಷದ ಸಹಾಯಕನ ಹೊರತು ಮತ್ತಾರೂ ಬಾಯಿಬಿಡಕೂಡದು. ಮೈಮೇಲೆ ಕವಚವಿಲ್ಲದ್ದರಿಂದ ಕೆಲವೇ ಏಟುಗಳಲ್ಲಿ ಎಲ್ಲವೂ ತೀರಿಹೋಗುತ್ತಿತ್ತಂತೆ.

ಯೂರೋಪಿನಲ್ಲಿಯೂ ಇಂಥ ದ್ವಂದ್ವಗಳು ಬಹು ಕಾಲದ ವರೆಗೆ ನಡೆದವು. ಅವುಗಳ ರಕ್ತಪಾತವನ್ನು ನೀಗಿ, ಬುದ್ಧಿಯ ಅಂಶವನ್ನು ಮಾತ್ರ ಉಳಿಸಿಕೊಂಡ ಆಟವೇ ಎಪೇ. ಹೆಣ್ಣುಮಕ್ಕಳಿಗೆ ಇದು ತಕ್ಕದ್ದಲ್ಲವೆಂದು ಲೋಕವು ಬಹಳ ದಿನ ಎಣಿಸಿತು. ಒಲಿಂಪಿಕ್ ಕೂಟದಲ್ಲಿ 1924ರಿಂದಲೇ ಸ್ತ್ರೀಯರಿಗೆ ಫಾಯಿಲ್ ಎಂಬ ಹಗುರವಾದ ಕತ್ತಿಯ ಪಂದ್ಯವಿದ್ದರೂ, ಎಪೇ ಪಂದ್ಯವು ದೊರೆತದ್ದು 1996ರಲ್ಲಿ, ಅಟ್ಲಾಂಟಾ ನಗರದಲ್ಲಿ. ನಮ್ಮ ದೇಶದಿಂದ ಒಲಿಂಪಿಕ್ ಕತ್ತಿವರಸೆಗೆ ಮೊತ್ತಮೊದಲು ಹೋದವರು ಚೆನ್ನೈಯ ಕುಮಾರಿ ಭವಾನಿದೇವಿಯವರು. 2021ರಲ್ಲಿ ಟೋಕಿಯೋದಲ್ಲಿ ಅವರು ಹಿಡಿದದ್ದು ಸೇಬರ್ ಎಂಬ ಬೇರೆ ಜಾತಿಯ ಕತ್ತಿ.

ಈ ಆಟಕ್ಕೆ ತೋಳ್ಬಲವೇ ಮುಖ್ಯವೆಂದು ತಾಯಿತಂದೆಗಳು ತಿಳಿಯಬಾರದು. ಎಪೇ ಕತ್ತಿಯ ತೂಕ 770 ಗ್ರಾಮನ್ನು ಮೀರಕೂಡದು. ಉದ್ದವು ಹಿಡಿಕೆ ಸಹಿತವಾಗಿ 110 ಸೆಂಟಿಮೀಟರ್. ತುದಿಯಲ್ಲಿ ಸಣ್ಣದೊಂದು ಗುಂಡಿಯಿದ್ದು, ಅದನ್ನು ಒತ್ತಲು 750 ಗ್ರಾಮಿಗಿಂತ ಹೆಚ್ಚಿನ ಭಾರ ಬೇಕು. ಅದು ಒತ್ತಿದ ಕೂಡಲೇ ವಿದ್ಯುದ್ದೀಪವು ಹೊತ್ತುವದು. ಹಿಮ್ಮಡಿಯಿಂದ ತಲೆಯ ವರೆಗೆ ಎಲ್ಲಿ ತಿವಿದರೂ ಒಂದೇ ಅಂಕ. ಆದಕಾರಣ ಎಲ್ಲಕ್ಕಿಂತ ಮುಂದೆ ಚಾಚಿರುವ ಕೈಯೇ ಮೊದಲಿನ ಗುರಿಯಾಗುವದು. ಕತ್ತಿಯ ಹಿಡಿಕೆಗೆ ದೊಡ್ಡ ಬಟ್ಟಲಿನಂಥ ಕಾವಲನ್ನು ಇಟ್ಟಿರುವದೂ ಅದಕ್ಕಾಗಿಯೇ. ಎದೆಯನ್ನು ತಿವಿಯುವೆನೆಂದು ಓಡಿಬರುವ ಹುಡುಗಿಯು ತನ್ನ ಮಣಿಕಟ್ಟನ್ನು ಎದುರಾಳಿಗೆ ಕಾಣಿಕೆ ಕೊಟ್ಟಂತೆಯೇ ಸರಿ.

ಇನ್ನು ಈ ಆಟದ ಜೀವಾಳವಾದ ನಿಯಮವನ್ನು ಹೇಳುವೆವು. ಫಾಯಿಲಿನಲ್ಲಿಯೂ ಸೇಬರಿನಲ್ಲಿಯೂ ಇಬ್ಬರೂ ಒಟ್ಟಿಗೆ ತಗಲಿಸಿದರೆ, ಮೊದಲು ಮೇಲೇರಿ ಹೋಗುವ ಹಕ್ಕು ಯಾರದಾಗಿತ್ತೆಂದು ಪಂಚನು ನಿರ್ಣಯಿಸುವನು. ಎಪೇಯಲ್ಲಿ ಅಂಥ ಹಕ್ಕೇ ಇಲ್ಲ. ಒಂದು ಸೆಕೆಂಡಿನ 25ನೆಯ ಒಂದು ಪಾಲಿನೊಳಗೆ ಇಬ್ಬರ ತಿವಿತಗಳೂ ತಗಲಿದರೆ ಎರಡು ದೀಪಗಳೂ ಹೊತ್ತುವವು, ಇಬ್ಬರಿಗೂ ಒಂದೊಂದು ಅಂಕ. ಇದಕ್ಕೆ ಜೋಡಿ ತಿವಿತವೆನ್ನೋಣ.

ಕೇಳುವದಕ್ಕೆ ಇದು ಸಮನ್ಯಾಯವೆಂದು ತೋರುವದು, ಪರಿಣಾಮವೋ ಹಾಗಲ್ಲ. 15 ಅಂಕಗಳ ಪಂದ್ಯದಲ್ಲಿ ಒಬ್ಬಳು 12, ಮತ್ತೊಬ್ಬಳು 9 ಇರುವರೆಂದು ಭಾವಿಸಿರಿ. ಮೂರು ಜೋಡಿ ತಿವಿತಗಳಾದರೆ 15ಕ್ಕೆ 12, ಆಟ ಮುಗಿಯಿತು. ಮುಂದಿರುವವಳಿಗೆ ಪ್ರತಿಯೊಂದು ಜೋಡಿಯೂ ಲಾಭ, ಹಿಂದಿರುವವಳಿಗೆ ಪ್ರತಿಯೊಂದೂ ನಷ್ಟ. ಹೀಗಿರಲು ಮುಂದಿರುವವಳು ಎದುರಾಳಿ ನುಗ್ಗುವ ತನಕ ಕಾದು, ಅವಳು ತಿವಿಯುವಾಗಲೇ ತಾನೂ ಕೈಚಾಚಿದರೆ ಸಾಕು. ಹಿಂದಿರುವವಳಾದರೋ ತಾನು ತಗಲಿಸಬೇಕು, ತನಗೆ ತಗಲಬಾರದು. ಅಂದರೆ ಎದುರಾಳಿಯ ಅಲಗನ್ನು ಮೊದಲು ತನ್ನ ಅಲಗಿನಿಂದ ಹಿಡಿದು ಪಕ್ಕಕ್ಕೆ ಸರಿಸಿಯೇ ಒಳಹೋಗಬೇಕು, ಇಲ್ಲವೆ ಅವಳನ್ನು ಆಶೆ ತೋರಿಸಿ ಮುಂದಕ್ಕೆ ಎಳೆದು ತಡೆದು ಮರುತಿವಿಯಬೇಕು. ಅವಸರಪಟ್ಟು ನುಗ್ಗುವದೊಂದನ್ನು ಬಿಟ್ಟು ಬೇರೇನು ಮಾಡಿದರೂ ಸರಿಯೇ. ಆದರೆ ಹಿಂದೆ ಬಿದ್ದ ಎಳೆಯ ಆಟಗಾರ್ತಿಯರು ಬಹುಮಟ್ಟಿಗೆ ಮಾಡುವದು ಆ ಒಂದನ್ನೇ.

2016ರಲ್ಲಿ ರಿಯೊ ನಗರದ ಪುರುಷರ ಅಂತಿಮ ಪಂದ್ಯದಲ್ಲಿ ಹಂಗೇರಿಯ ಗೇಜಾ ಇಮ್ರೆ 14, ಕೊರಿಯಾದ ಪಾರ್ಕ್ ಸಾಂಗ್-ಯಂಗ್ 10. ಇಮ್ರೆಗೆ 41 ವರುಷ, ಪಾರ್ಕಿಗೆ 20. ಇಮ್ರೆಗೆ ಇನ್ನೊಂದು ತಿವಿತ, ಅದೂ ಜೋಡಿಯಾಗಿದ್ದರೂ ಸಾಕಾಗಿತ್ತು. ಪಾರ್ಕ್ ಒಂದು ಜೋಡಿಗೂ ಎಡೆಗೊಡದೆ ಒಂದರ ಹಿಂದೊಂದು ಐದು ತಿವಿತಗಳನ್ನು ತಾನೊಬ್ಬನೇ ತಗಲಿಸಿ 15ಕ್ಕೆ 14ರಿಂದ ಗೆದ್ದನು. ಐದು ಅಂಕಗಳನ್ನು ಒಟ್ಟಿಗೆ ಗಳಿಸುವ ಪಟ್ಟು ಯಾವದೂ ಇಲ್ಲವಷ್ಟೆ. 2024ರಲ್ಲಿ ಪ್ಯಾರಿಸಿನ ಸ್ತ್ರೀಯರ ಅಂತಿಮ ಪಂದ್ಯವು ಇದಕ್ಕಿಂತಲೂ ಬೋಧಪ್ರದವೆಂದು ನಮ್ಮ ಅಭಿಪ್ರಾಯ. ಹಾಂಕಾಂಗಿನ ವಿವಿಯನ್ ಕಾಂಗ್ ಎಂಬವಳು ಫ್ರೆಂಚ್ ಯುವತಿಯಾದ ಓರಿಯಾನ್ ಮಾಲೊ-ಬ್ರೆತೊಂ ಎಂಬವಳೆದುರು 1ಕ್ಕೆ 7ರಿಂದ ಹಿಂದೆ ಬಿದ್ದಿದ್ದಳು. ಸುತ್ತಲೂ ಕೂತ ಜನರು ತಮ್ಮ ದೇಶದವಳಿಗಾಗಿ ಕೂಗುತ್ತಿದ್ದರು. ಕಾಂಗ್ ಆ ಸಾಲವನ್ನು ಕಂತುಕಂತಾಗಿ ತೀರಿಸುತ್ತ 12ಕ್ಕೆ 12ರ ವರೆಗೆ ಬಂದು, ಹೆಚ್ಚಿನ ನಿಮಿಷದಲ್ಲಿ 13ನೆಯದನ್ನು ತಗಲಿಸಿದಳು.

ಹೆಚ್ಚಿನ ನಿಮಿಷವೆಂದರೇನೆಂಬದನ್ನು ವಿವರಿಸಬೇಕಾಗಿದೆ. ದೊಡ್ಡ ಪಂದ್ಯಕ್ಕೆ ಮೂರು ಮೂರು ನಿಮಿಷಗಳ ಮೂರು ಪಾಳಿಗಳು, ನಡುವೆ ಒಂದೊಂದು ನಿಮಿಷದ ವಿಶ್ರಾಂತಿ. (ಆರಂಭದ ಸುತ್ತುಗಳಲ್ಲಿ 5 ಅಂಕಗಳ ಚಿಕ್ಕ ಪಂದ್ಯಗಳು, ಮೂರೇ ನಿಮಿಷ.) ಕಾಲ ಮುಗಿದಾಗ ಅಂಕಗಳು ಸಮವಾಗಿದ್ದರೆ ಮತ್ತೊಂದು ನಿಮಿಷ ಕೊಡುವರು, ಅದರಲ್ಲಿ ಮೊದಲು ತಗಲಿಸಿದವಳದೇ ಗೆಲುವು, ಜೋಡಿ ತಿವಿತವು ಲೆಕ್ಕಕ್ಕಿಲ್ಲ. ಆ ನಿಮಿಷಕ್ಕೆ ಮುಂಚೆ ಚೀಟಿ ಎತ್ತಿದ ಹಾಗೆ ಒಬ್ಬಳಿಗೆ ಮುಂಗಡದ ಹಕ್ಕನ್ನು ಗೊತ್ತುಮಾಡುವರು. ಯಾರೂ ತಗಲಿಸದೆ ನಿಮಿಷವು ಕಳೆದರೆ ಆಕೆಯೇ ಗೆದ್ದಂತೆ. ಹಕ್ಕುಳ್ಳವಳು ದೂರವನ್ನು ಕಾಯ್ದುಕೊಳ್ಳುವಳು. ಹಕ್ಕಿಲ್ಲದವಳು ಕೊನೆಯ ಗಳಿಗೆಯ ತನಕ ಕಾಯದೆ, ಎರಡು ಸಲ ಯತ್ನಿಸುವಷ್ಟು ಕಾಲವನ್ನಾದರೂ ಕೈಯಲ್ಲಿಟ್ಟುಕೊಂಡು ಹೊರಡಬೇಕು.

2012ರಲ್ಲಿ ಲಂಡನ್ನಿನಲ್ಲಿ ಕೊರಿಯಾದ ಶಿನ್ ಆ-ಲಮ್ ಎಂಬವಳಿಗೆ ಈ ಹಕ್ಕು ದೊರೆತಿತ್ತು. ಅಂಕಗಳು 5ಕ್ಕೆ 5. ಗಡಿಯಾರದಲ್ಲಿ ಒಂದೇ ಸೆಕೆಂಡು ಉಳಿದಿರುವಾಗ ಆಟವು ನಿಂತು ನಿಂತು ಮತ್ತೆ ಮತ್ತೆ ಆರಂಭವಾಯಿತು. ಆ ಒಂದು ಸೆಕೆಂಡು ಮಾತ್ರ ತೀರಲೊಲ್ಲದು. ಕಡೆಗೆ ಜರ್ಮನಿಯ ಬ್ರಿಟಾ ಹೈಡಮನ್ ತಗಲಿಸಿ ಗೆದ್ದಳು. ಮೇಲ್ಮನವಿಯ ತೀರ್ಪಾಗುವ ತನಕ ಶಿನ್ ಕಣದ ಮೇಲೆಯೇ ಸುಮಾರು ಒಂದು ತಾಸು ಕಣ್ಣೀರಿಡುತ್ತ ಕೂತಿದ್ದಳು, ಮನವಿಯು ತಳ್ಳಿಹಾಕಲ್ಪಟ್ಟಿತು. ಅನ್ಯಾಯವಾಯಿತೆಂದು ಬಹುಜನರು ಹೇಳಿದರು, ನಮಗೂ ಹಾಗೆಯೇ ತೋರುವದು. ಆದರೂ ಅದೇ ಕೂಟದ ತಂಡದ ಪಂದ್ಯಕ್ಕೆ ಆಕೆ ಮರಳಿ ಇಳಿದು ತನ್ನ ದೇಶದವರೊಂದಿಗೆ ಬೆಳ್ಳಿಯ ಪದಕವನ್ನು ಪಡೆದಳು.

ಪಾಳಿಗಳ ನಡುವಣ ವಿಶ್ರಾಂತಿಯ ನಿಮಿಷವನ್ನು ಕೆಲವು ಗುರುಗಳು ಬೈಗಳಿಗೆ ಉಪಯೋಗಿಸುವರು. ನಮ್ಮ ಜಾತ್ರೆಗಳ ಕುಸ್ತಿಯ ಕಣದಲ್ಲಿ ಜಾಣ ವಸ್ತಾದನು ಪೈಲವಾನನಿಗೆ ಒಂದೇ ಮಾತು ಹೇಳುವನಲ್ಲವೇ? ಇಲ್ಲಿಯೂ ಅಷ್ಟೇ: ಅಂಕವೆಷ್ಟು, ಉಳಿದ ಕಾಲವೆಷ್ಟು, ಎದುರಾಳಿಯು ಎರಡು ಸಲ ಮಾಡಿದ್ದು ಯಾವದು, ಇಷ್ಟನ್ನು ಹೇಳಿ ನೀರು ಕೊಡಬೇಕು. ಬಾರ್ಬೋಸಾ ಕಂಡ ಸಹಾಯಕನು ಏನು ಹೇಳುತ್ತಿದ್ದನೋ, ಬಲ್ಲವರಾರು?

ಅಪಾಯದ ವಿಷಯವಾಗಿ ತಾಯಂದಿರು ಕೇಳುವದು ಸಹಜ. 1982ರಲ್ಲಿ ರೋಮಿನಲ್ಲಿ ಫಾಯಿಲ್ ಪಂದ್ಯವೊಂದರಲ್ಲಿ ಮುರಿದ ಅಲಗು ಮುಖವಾಡವನ್ನು ತೂರಿ, ಸೋವಿಯೆತ್ ಒಕ್ಕೂಟದ ಹೆಸರಾಂತ ಆಟಗಾರ ಸ್ಮಿರ್ನೋವನು ಪ್ರಾಣಬಿಟ್ಟನು. ಅಂದಿನಿಂದ ಅಲಗು, ಮುಖವಾಡ, ಅಂಗಿಗಳ ಪರೀಕ್ಷೆಯನ್ನು ಬಹಳ ಬಿಗಿಮಾಡಿದ್ದಾರೆ. ಸ್ತ್ರೀಯರು ಅಂಗಿಯೊಳಗೆ ಗಟ್ಟಿಯಾದ ಎದೆಗಾಪನ್ನು ತೊಡಲೇಬೇಕು. ಮುಖವಾಡವಿಲ್ಲದೆ, ಚೇಷ್ಟೆಗಾದರೂ, ಕತ್ತಿಯನ್ನು ಎತ್ತಗೊಡಬಾರದು.

ಕತ್ತಿಯಿಲ್ಲದೆಯೂ ಈ ಪಾಠದ ಬಹುಭಾಗವನ್ನು ಕುಷ್ಟಗಿಯಲ್ಲಾಗಲಿ ಯಲಬುರ್ಗದಲ್ಲಾಗಲಿ ಶಾಲೆಯ ಅಂಗಳದಲ್ಲಿಯೇ ಕಲಿಯಬಹುದು. ಸುಣ್ಣದಿಂದ 14 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಪಟ್ಟಿಯನ್ನು ಬರೆಯಿರಿ. ಇಬ್ಬರು ಹುಡುಗಿಯರು ಎದುರುಬದುರಾಗಿ ನಿಂತು, ಒಬ್ಬಳ ಅಂಗೈಯು ಮತ್ತೊಬ್ಬಳ ಮುಂಗೈಗೆ ತಗಲಿದರೆ ಒಂದು ಅಂಕವೆಂದು ಆಡಲಿ. ಒಟ್ಟಿಗೆ ತಗಲಿದರೆ ಇಬ್ಬರಿಗೂ. ಸೊನ್ನೆಯಿಂದ ಆರಂಭಿಸಬೇಡಿರಿ. ಗಂಗವ್ವನಿಗೆ 4, ಶಾಂತೆಗೆ 3, ಉಳಿದದ್ದು 30 ಸೆಕೆಂಡು ಎಂದು ಹೇಳಿ ಬಿಡಿರಿ. ಬಳಿಕ ಅಂಕಗಳನ್ನು ಅದಲುಬದಲು ಮಾಡಿ ಮತ್ತೆ ಆಡಿಸಿರಿ.